ಮನೆಯಿಂದ ಪೀಣ್ಯದ ಕಚೇರಿಗೆ ವಿಪಿಎನ್: ದೋಷ 809 ಬಿಟ್ಟರೆ ಬೇರೇನೂ ಬರುತ್ತಿಲ್ಲ

ಲೆಕ್ಕದ_ಪುಸ್ತಕ · 14ನೇ ತಾರೀಖು, ರಾತ್ರಿ 10.12

ನಮಸ್ಕಾರ. ನಾನು ಕಂಪ್ಯೂಟರ್ ತಜ್ಞೆಯಲ್ಲ, ಲೆಕ್ಕ ಬರೆಯುವವಳು. ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ನನ್ನ ಕೈಯಲ್ಲಿದೆ. ಮನೆ ಜೆ.ಪಿ. ನಗರದಲ್ಲಿ. ಅಮ್ಮನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಈ ತಿಂಗಳು ಮನೆಯಿಂದಲೇ ಕೆಲಸ ಮಾಡಲು ಮಾಲೀಕರು ಒಪ್ಪಿದ್ದಾರೆ. ಅದಕ್ಕೆ ವಿಪಿಎನ್ ಬೇಕು, ಅಂದರೆ ಇಂಟರ್‌ನೆಟ್ ಮೂಲಕವೇ ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ.

ವಿಂಡೋಸ್ 11 ಲ್ಯಾಪ್‌ಟಾಪ್. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್‌ನೆಟ್, ಅಲ್ಲಿಂದ ವಿಪಿಎನ್, ಅಲ್ಲಿ ಆಡ್ ವಿಪಿಎನ್. ಕಚೇರಿಯ ರೂಟರಿನ ಹೆಸರು ಬರೆದೆ, ವಿಪಿಎನ್ ಬಗೆಯ ಪಟ್ಟಿಯಲ್ಲಿ ಪ್ರೀಶೇರ್ಡ್ ಕೀ (ಕಚೇರಿಯವರು ಮೊದಲೇ ಕೊಟ್ಟ ಗುಟ್ಟಿನ ಪದ) ಇರುವ ಎಲ್2ಟಿಪಿ ಎಂಬುದನ್ನು ಆಯ್ದುಕೊಂಡೆ, ಕೀ ಹಾಕಿದೆ, ಬಳಕೆದಾರ ಹೆಸರು, ಪಾಸ್‌ವರ್ಡ್ ಎಲ್ಲವನ್ನೂ ತುಂಬಿದೆ. ಕನೆಕ್ಟ್ ಒತ್ತಿದರೆ ಅರ್ಧ ನಿಮಿಷ ಚುಕ್ಕೆಗಳು ಸುತ್ತುತ್ತವೆ. ಆಮೇಲೆ ನಾಲ್ಕು ಸಾಲಿನ ಒಂದು ವಾಕ್ಯ, ಜೊತೆಗೆ 809. ಕಳೆದ ವರ್ಷ ಇದೇ ಲ್ಯಾಪ್‌ಟಾಪಿನಲ್ಲಿ, ಇದೇ ಹೆಸರು, ಇದೇ ಪಾಸ್‌ವರ್ಡ್‌ನಿಂದ ಸರಾಗವಾಗಿ ನಡೆದಿತ್ತು.

20ನೇ ತಾರೀಖಿನೊಳಗೆ ಜಿಎಸ್‌ಟಿ 3ಬಿ ಸಲ್ಲಿಸಬೇಕು. ದಯವಿಟ್ಟು ಕಂಪ್ಯೂಟರ್ ಆರಿಸಿ ಹಚ್ಚಿ ಎಂದು ಹೇಳಬೇಡಿ. ಏಳು ಸಲ ಮಾಡಿದ್ದೇನೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ · ರಾತ್ರಿ 10.20

ಜೆ.ಪಿ. ನಗರದಿಂದ ಪೀಣ್ಯಕ್ಕೆ ಹಸಿರು ಮಾರ್ಗದಲ್ಲಿ ನೇರ ಮೆಟ್ರೋ ಇದೆ. ಬದಲಾಯಿಸುವ ಗೊಡವೆಯೂ ಇಲ್ಲ. ಇಷ್ಟು ಅದೃಷ್ಟವಂತರಿಗೆ ವಿಪಿಎನ್ ಏಕೆ? ಅದು ನಮ್ಮಂತಹವರಿಗೆ ಮೀಸಲು.

ಲೆಕ್ಕದ_ಪುಸ್ತಕ · ರಾತ್ರಿ 10.26

ಅಮ್ಮನನ್ನು ಎರಡು ಗಂಟೆಗೊಮ್ಮೆ ನಡೆಸಬೇಕು. ಅದಕ್ಕೆ ನೀವು ಬರುವುದಾದರೆ ನಾನು ಮೆಟ್ರೋ ಹತ್ತುತ್ತೇನೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ · ರಾತ್ರಿ 10.27

ತಪ್ಪಾಯಿತು. ಅಮ್ಮ ಬೇಗ ಗುಣವಾಗಲಿ.

ಮಲ್ಲೇಶ್ವರ_18 · ರಾತ್ರಿ 10.31

ಅಕ್ಕ, ಇಷ್ಟೆಲ್ಲ ಬರೆದು ಒದ್ದಾಡುವುದು ಬೇಡ. ಉಚಿತ ವಿಪಿಎನ್ ಆ್ಯಪ್‌ಗಳು ಬೇಕಾದಷ್ಟಿವೆ. ಹಾಕಿಕೊಂಡು ಒಂದು ಗುಂಡಿ ಒತ್ತಿದರೆ ಹಸಿರು ದೀಪ ಬರುತ್ತದೆ. ನಾನು ಕಾಲೇಜಿನ ವೈಫೈನಲ್ಲಿ ಮೂರು ವರ್ಷದಿಂದ ಬಳಸುತ್ತಿದ್ದೇನೆ.

ಜಾಲಗಾರ · ರಾತ್ರಿ 10.44

ತಮ್ಮಾ, ಹಸಿರು ದೀಪ ಬರುತ್ತದೆ, ಪೀಣ್ಯ ಬರುವುದಿಲ್ಲ.

ಹೆಸರು ಒಂದೇ ಆದರೂ ಇವೆರಡೂ ಬೇರೆ ಬೇರೆ ಕೆಲಸಗಳು. ನೀನು ಹೇಳುವ ಆ್ಯಪ್ ನಿನ್ನ ದತ್ತಾಂಶವನ್ನು ಇನ್ಯಾವುದೋ ದೇಶದ ಸರ್ವರ್‌ವರೆಗೆ ಮುಚ್ಚಿಕೊಂಡು ಒಯ್ದು ಅಲ್ಲಿಂದ ಲೋಕಕ್ಕೆ ಬಿಡುತ್ತದೆ. ಇವರಿಗೆ ಬೇಕಾಗಿರುವುದು ಕಚೇರಿಯ ಒಳಮನೆಗೆ ಹೋಗುವ ದಾರಿ. ಆ ದಾರಿಯ ಬಾಗಿಲನ್ನು ಕಚೇರಿಯವರೇ ತೆರೆಯಬೇಕು. ಪ್ಲೇಸ್ಟೋರ್‌ನಲ್ಲಿ ಅದರ ಬೀಗದ ಕೈ ಸಿಗುವುದಿಲ್ಲ.

ಇನ್ನೊಂದು ಮಾತು. ನಿನ್ನ ಅಷ್ಟೂ ಓಡಾಟವನ್ನು ಮೂರು ವರ್ಷದಿಂದ ಬಿಟ್ಟಿಯಾಗಿ ಹೊರುತ್ತಿರುವ ಆ ಪುಣ್ಯಾತ್ಮರು ತಮ್ಮ ಸರ್ವರ್‌ಗೆ ಬಾಡಿಗೆ ಎಲ್ಲಿಂದ ಕಟ್ಟುತ್ತಾರೆ ಎಂದು ಒಮ್ಮೆಯಾದರೂ ಯೋಚಿಸಿದ್ದೀಯಾ?

ರಿಜಿಸ್ಟ್ರಿ_ರಾಯ · ರಾತ್ರಿ 10.50

809 ಎಂದರೆ ನನಗೆ ಅಂಗೈ ನೆಲ್ಲಿಕಾಯಿ. ವಿಂಡೋಸ್‌ನ ಒಳಸೆಟ್ಟಿಂಗ್‌ಗಳ ಪುಸ್ತಕವಾದ ರಿಜಿಸ್ಟ್ರಿಯ ಎಡಿಟರ್ ತೆರೆಯಿರಿ. ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಪಾಲಿಸಿಏಜೆಂಟ್. ಅಲ್ಲಿ 32 ಬಿಟ್‌ನ ಹೊಸ ಡಿವರ್ಡ್ ಮೌಲ್ಯ ಸೃಷ್ಟಿಸಿ. ಹೆಸರು ಅಸ್ಯೂಮ್‌ಯುಡಿಪಿಎನ್‌ಕ್ಯಾಪ್ಸುಲೇಷನ್‌ಕಾಂಟೆಕ್ಸ್ಟ್‌ಆನ್‌ಸೆಂಡ್‌ರೂಲ್. ಮೌಲ್ಯ 2. ಕಂಪ್ಯೂಟರ್ ಆರಿಸಿ ಹಚ್ಚಿ. ಹೌದು, ಎಂಟನೇ ಸಲ.

ಪದಪ್ರಿಯೆ · ರಾತ್ರಿ 10.58

ಹಳಗನ್ನಡ ಕಾವ್ಯಗಳಲ್ಲಿಯೂ ಇಷ್ಟು ಉದ್ದದ ಸಮಾಸವನ್ನು ನಾನು ಕಂಡಿಲ್ಲ. ದಯವಿಟ್ಟು ಯಾರಾದರೂ ವಿಗ್ರಹವಾಕ್ಯ ಹೇಳಿ.

ಜಾಲಗಾರ · ರಾತ್ರಿ 11.03

ನಿಲ್ಲಿ ರಾಯರೇ. ಜ್ವರ ಎಂದವರಿಗೆಲ್ಲ ಒಂದೇ ಗುಳಿಗೆ ಕೊಡುವ ವೈದ್ಯರಾಗಬೇಡಿ. ಆ ಮೌಲ್ಯ ಬೇಕಾಗುವುದು ವಿಪಿಎನ್ ಸರ್ವರ್ ಸ್ವತಃ ಇನ್ನೊಂದು ರೂಟರಿನ ಬೆನ್ನ ಹಿಂದೆ ಕುಳಿತಿದ್ದಾಗ. ಇವರು ಹೇಳುವಂತೆ ಕಚೇರಿಯ ರೂಟರೇ ಸರ್ವರ್, ಕಳೆದ ವರ್ಷ ಈ ಮೌಲ್ಯವಿಲ್ಲದೆಯೇ ನಡೆದಿತ್ತು. ಮೊದಲು ರೋಗ ಯಾವುದೆಂದು ನೋಡೋಣ.

ಲೆಕ್ಕದ_ಪುಸ್ತಕ ಅವರೇ, ಎರಡು ಪ್ರಶ್ನೆ. ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಪ್ರಯತ್ನಿಸಿದರೆ ಏನಾಗುತ್ತದೆ? ಕಳೆದ ವರ್ಷದಿಂದ ಈಚೆಗೆ ಕಚೇರಿಯಲ್ಲಿ ಏನಾದರೂ ಬದಲಾಗಿದೆಯೇ?

ಕಾಫಿ_ಎರಡನೇ_ಲೋಟ · ರಾತ್ರಿ 11.10

ವಿಂಡೋಸ್ ಅಪ್‌ಡೇಟ್ ಮೇಲೂ ಒಂದು ಕಣ್ಣಿರಲಿ. 2022ರ ಜನವರಿ 11ರಂದು ಬಂದ ಅಪ್‌ಡೇಟ್ ಎಲ್2ಟಿಪಿ ಸಂಪರ್ಕಗಳನ್ನು ಮುರಿದುಹಾಕಿತ್ತು. ವಿಂಡೋಸ್ 10, 11 ಎರಡಕ್ಕೂ ಅದೇ ಗತಿಯಾಯಿತು. ಮೈಕ್ರೋಸಾಫ್ಟ್ ಅದೇ ತಿಂಗಳ 17ರಂದು ತುರ್ತು ತೇಪೆ ಬಿಡುಗಡೆ ಮಾಡಿತು. ಆ ಒಂದು ವಾರ ಜನ ತಮ್ಮ ಪಾಸ್‌ವರ್ಡನ್ನೇ ಅನುಮಾನಿಸುತ್ತ ಕುಳಿತಿದ್ದರು.

ಎಸ್ಪಿರಸ್ತೆ_ಶಿಷ್ಯ · ರಾತ್ರಿ 11.32

ಪಾಸ್‌ವರ್ಡ್ ಎಂದಿರಿ, ಒಂದು ಕಥೆ ನೆನಪಾಯಿತು.

ನಮ್ಮ ಅಂಗಡಿಗೆ ಒಬ್ಬ ಹಿರಿಯರು ಲ್ಯಾಪ್‌ಟಾಪ್ ತಂದರು. ವಿಪಿಎನ್‌ನಲ್ಲಿ ಸದಾ 691. ಅದೆಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಅವರು ಕಾಗದದ ಚೀಟಿ ತೋರಿಸಿ, "ನೋಡಿ, ಅಕ್ಷರಕ್ಕೆ ಅಕ್ಷರ ಸರಿಯಾಗಿ ಹೊಡೆಯುತ್ತಿದ್ದೇನೆ" ಎನ್ನುತ್ತಿದ್ದರು. ಹೊಡೆಯುತ್ತಿದ್ದುದು ನಿಜವೇ. ಆದರೆ ಅವರು ಕನ್ನಡದಲ್ಲಿ ಪತ್ರ ಬರೆಯುವವರು. ಕೀಲಿಮಣೆ ಕನ್ನಡದಲ್ಲಿಯೇ ಉಳಿದುಬಿಟ್ಟಿತ್ತು. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಬರೀ ಚುಕ್ಕೆ, ಅದು ಯಾವ ಭಾಷೆಯ ಚುಕ್ಕೆ ಎಂದು ಯಾರಿಗೆ ತಿಳಿಯಬೇಕು? ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಿದೆ, ಹೋಯಿತು. ಹಣ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರೇ ಎದುರಿನ ಹೋಟೆಲಿನಲ್ಲಿ ಇಡ್ಲಿ ವಡೆ ಕೊಡಿಸಿದರು.

ಇನ್ನೊಬ್ಬರದು ಸರ್ಟಿಫಿಕೇಟ್ ಬಳಸುವ ವಿಪಿಎನ್. ಬೆಳಿಗ್ಗೆ ಹಚ್ಚಿದೊಡನೆ ಕೂಡಿಕೊಳ್ಳುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಸರಿ. ನೋಡಿದರೆ ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತಿತ್ತು. ಪ್ರತಿ ಬೆಳಿಗ್ಗೆ ಕಂಪ್ಯೂಟರ್ 2009ರಲ್ಲಿ ಕಣ್ಣು ಬಿಡುತ್ತಿತ್ತು. ಆಗಿನ್ನೂ ಹುಟ್ಟಿರದ ಸರ್ಟಿಫಿಕೇಟನ್ನು ಅದು ಒಪ್ಪುವುದಾದರೂ ಹೇಗೆ?

ಲೆಕ್ಕದ_ಪುಸ್ತಕ · 15ನೇ ತಾರೀಖು, ಬೆಳಿಗ್ಗೆ 7.05

ಹಾಟ್‌ಸ್ಪಾಟ್‌ನಿಂದಲೂ 809. ಕೀಲಿಮಣೆ ಇಂಗ್ಲಿಷಿನಲ್ಲೇ ಇದೆ, ನೋಟ್‌ಪ್ಯಾಡಿನಲ್ಲಿ ಹೊಡೆದು ನೋಡಿದೆ. ರಿಜಿಸ್ಟ್ರಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಮಾಲೀಕರನ್ನು ಕೇಳಿದೆ. ಕಚೇರಿಯಲ್ಲಿ ಏನೂ ಬದಲಾಗಿಲ್ಲ ಎನ್ನುತ್ತಾರೆ.

ಹಳೆಯ_ಮೋಡೆಮ್ · ಬೆಳಿಗ್ಗೆ 7.48

ನಾನು ದೂರಸಂಪರ್ಕದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಈಗ ಬಸವನಗುಡಿಯಲ್ಲಿ ಬೆಳಗಿನ ನಡಿಗೆ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಸೇವೆಯಲ್ಲಿ ನಾನು ಕಲಿತಿದ್ದು ಒಂದೇ: "ಏನೂ ಬದಲಾಗಿಲ್ಲ" ಎಂದು ಹೇಳಿದ ಕಡೆ ಮೊದಲು ತಂತಿ ನೋಡು.

ಮನೆಯ ವೈಫೈ, ಮೊಬೈಲ್ ಎರಡರಿಂದಲೂ ಅದೇ ದೋಷ ಬಂದರೆ ನಿಮ್ಮ ವಿಂಡೋಸನ್ನು ಶಪಿಸುವುದು ಬಿಡಿ. ಮಾಲೀಕರನ್ನು ಕೇಳಬೇಡಿ, ಕಾರ್ಖಾನೆಯ ಕಾವಲುಗಾರನನ್ನೋ ಮೇಸ್ತ್ರಿಯನ್ನೋ ಕೇಳಿ. ಇಂಟರ್‌ನೆಟ್ ಪೆಟ್ಟಿಗೆಗೆ ತಂತಿ ಎಲ್ಲಿಂದ ಬರುತ್ತದೆ, ಯಾವಾಗ ಬಂತು, ಯಾರು ಹಾಕಿದರು ಎಂದು.

ಹೇಳುತ್ತಾ ಇನ್ನೊಂದು ನೆನಪು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದ ಕಚೇರಿಗೆ ಕೂಡಿಕೊಳ್ಳಲು ತನ್ನದೇ ಉಪಗ್ರಹ ಸಂಪರ್ಕ ಹಾಕಿಸಬೇಕಾಯಿತು. ಅದರ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದಿತು ಎಂಬುದು ಈ ಊರಿನ ಪ್ರಸಿದ್ಧ ಕಥೆ. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದೇ 1995ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಎರಡು ಕಚೇರಿ ಕೂಡಿಸಬೇಕೆಂದರೆ ನಿಮ್ಮದೇ ಬಾಡಿಗೆ ತಂತಿ ಬೇಕಿತ್ತು, ಅದಕ್ಕೆ ಅರ್ಜಿ ಕೊಟ್ಟು ಕಾಯಬೇಕಿತ್ತು. ಊರ ಬೀದಿಯಲ್ಲಿಯೇ ನಮ್ಮ ಖಾಸಗಿ ಓಣಿಯನ್ನು ಎಳೆದುಕೊಳ್ಳುವ ಈ ವಿಪಿಎನ್ ನೋಡಿದರೆ ನನಗೆ ಇವತ್ತಿಗೂ ಬೆರಗು.

ಪದಪ್ರಿಯೆ · ಬೆಳಿಗ್ಗೆ 8.15

"ಖಾಸಗಿ ಓಣಿ"! ಚೆನ್ನಾಗಿದೆ. ವಿಪಿಎನ್‌ಗೆ ನಾವೇಕೆ ಒಂದು ಕನ್ನಡ ಪದ ಮಾಡಿಕೊಂಡಿಲ್ಲ? ಎಲ್ಲೋ "ಮಿಥ್ಯಾ ಖಾಸಗಿ ಜಾಲ" ಎಂದು ಓದಿದ ನೆನಪು. ಆ ಅನುವಾದಕರು ಶೃಂಗೇರಿಯ ಕಡೆಯವರಿರಬೇಕು.

ಸಿಲ್ಕ್‌ಬೋರ್ಡ್_ಸಂತ್ರಸ್ತ · ಬೆಳಿಗ್ಗೆ 8.19

ಜಾಲವೂ ಮಿಥ್ಯ, 809 ಮಾತ್ರ ಸತ್ಯ.

ಕಾಫಿ_ಎರಡನೇ_ಲೋಟ · ಬೆಳಿಗ್ಗೆ 8.24

"ಸುರಂಗ" ಸಾಕಲ್ಲವೇ? ಇಂಗ್ಲಿಷಿನಲ್ಲೂ ಅದನ್ನು ಟನಲ್ ಎಂದೇ ಕರೆಯುತ್ತಾರೆ. ಹಳೆಯ ಕೋಟೆಗಳಲ್ಲಿ ಇದ್ದದ್ದೂ ಅದೇ.

ಪದಪ್ರಿಯೆ · ಬೆಳಿಗ್ಗೆ 8.40

ಬೇಡ. ಬೆಂಗಳೂರಿನಲ್ಲಿ ಸುರಂಗ ಎಂದರೆ ರಸ್ತೆಯ ಜಗಳ ಶುರುವಾಗುತ್ತದೆ, ಈ ಚರ್ಚೆ ಮುಗಿಯುವುದಿಲ್ಲ. ನನ್ನ ಮತ "ಒಳದಾರಿ"ಗೆ.

ಲೆಕ್ಕದ_ಪುಸ್ತಕ · ಬೆಳಿಗ್ಗೆ 11.20

ಹಳೆಯ ಮೋಡೆಮ್ ಸರ್, ನಿಮ್ಮ ಬಾಯಿಗೆ ಸಕ್ಕರೆ. ಕಾವಲುಗಾರನಿಗೆ ಎಲ್ಲವೂ ಗೊತ್ತಿದೆ!

ಗಣೇಶ ಹಬ್ಬದ ಹೊತ್ತಿಗೆ ಮುಂದಿನ ರಸ್ತೆ ಅಗೆದಾಗ ಹಳೆಯ ತಂತಿ ತುಂಡಾಯಿತಂತೆ. ಮೂರು ದಿನ ಯಾರೂ ಬರಲಿಲ್ಲವಂತೆ. ಮಾಲೀಕರ ಭಾವಮೈದುನ ಬೇರೆ ಕಂಪನಿಯ ಸಂಪರ್ಕ ಹಾಕಿಸಿದರಂತೆ. ಅವರು ಮರದಿಂದ ಮರಕ್ಕೆ ತಂತಿ ಎಳೆದು, ಒಳಗೆ ಒಂದು ಬಿಳಿ ಪೆಟ್ಟಿಗೆ ಇಟ್ಟು, ಅದಕ್ಕೆ ನಮ್ಮ ಹಳೆಯ ರೂಟರನ್ನು ಸಿಕ್ಕಿಸಿ ಹೋದರಂತೆ. "ನೆಟ್ ಬರುತ್ತಿತ್ತಲ್ಲ, ಇನ್ನೇನು ಬದಲಾಯಿತು?" ಎಂದು ಮಾಲೀಕರು ಈಗಲೂ ಕೇಳುತ್ತಿದ್ದಾರೆ.

ಜಾಲಗಾರ · ಬೆಳಿಗ್ಗೆ 11.26

ಇದನ್ನು ನಿನ್ನೆ ರಾತ್ರಿಯೇ ಹೇಳಿದ್ದರೆ ಎಷ್ಟೊಂದು ಉಳಿಯುತ್ತಿತ್ತು! ಇರಲಿ, ತಪ್ಪು ನಿಮ್ಮದಲ್ಲ.

ಈಗ ಕಚೇರಿಯಲ್ಲಿ ಇರುವ ಯಾರಿಂದಲಾದರೂ ಮೂರು ಸಂಖ್ಯೆ ತರಿಸಿ. ಒಂದು, ಹಳೆಯ ರೂಟರಿನ ಪುಟದಲ್ಲಿ ವ್ಯಾನ್ (ಹೊರಬದಿಯ) ವಿಳಾಸ ಎಂದು ಏನಿದೆ. ಎರಡು, ಬಿಳಿ ಪೆಟ್ಟಿಗೆಯ ಪುಟದಲ್ಲಿ ಅದೇ ಜಾಗದಲ್ಲಿ ಏನಿದೆ. ಮೂರು, ಬ್ರೌಸರ್‌ನಲ್ಲಿ "ನನ್ನ ಐಪಿ ಏನು" ಎಂದು ಹುಡುಕಿದರೆ ಏನು ಬರುತ್ತದೆ. ಮೂರನೆಯದನ್ನು ಇಲ್ಲಿ ಹಾಕಬೇಡಿ, ಅದು ನಿಮ್ಮ ಬಾಗಿಲ ಸಂಖ್ಯೆ. ಎರಡನೆಯದಕ್ಕೂ ಮೂರನೆಯದಕ್ಕೂ ತಾಳೆಯಾಗುತ್ತದೆಯೇ ಎಂದಷ್ಟೇ ತಿಳಿಸಿ.

ಲೆಕ್ಕದ_ಪುಸ್ತಕ · ಮಧ್ಯಾಹ್ನ 1.15

ಮೇಸ್ತ್ರಿಯ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನು ನೋಡಿ ಹೇಳಿದ. ರೂಟರಿನಲ್ಲಿ 192.168.100.2. ಬಿಳಿ ಪೆಟ್ಟಿಗೆಯಲ್ಲಿ 100.84 ಎಂದು ಶುರುವಾಗುತ್ತದೆ. ಬ್ರೌಸರ್ ತೋರಿಸುವುದು ಇವೆರಡಕ್ಕೂ ಸಂಬಂಧವೇ ಇಲ್ಲದ ಸಂಖ್ಯೆ.

ಜಾಲಗಾರ · ಮಧ್ಯಾಹ್ನ 1.40

ಸಿಕ್ಕಿತು.

100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟವು. ಐಪಿವಿ4 ಎಂಬ ಹಳೆಯ ಬಗೆಯ ಇಂಟರ್‌ನೆಟ್ ವಿಳಾಸಗಳ ಬರ ಬಂದಾಗ, ನೂರಾರು ಗ್ರಾಹಕರಿಗೆ ಒಂದೇ ಹೊರವಿಳಾಸ ಹಂಚುವ ಏರ್ಪಾಡಿಗಾಗಿ ಇವನ್ನು ಎತ್ತಿಟ್ಟರು. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು.

ಪಿಜಿಯ ಲೆಕ್ಕದಲ್ಲಿ ಹೇಳುತ್ತೇನೆ. ನಿಮ್ಮ ಕಚೇರಿ ಈಗ ಎಂಬತ್ತು ಕೋಣೆಗಳ ಪಿಜಿಯಲ್ಲಿದೆ. ಹೊರಗೆ ಬಾಗಿಲ ಸಂಖ್ಯೆ ಒಂದೇ. ಒಳಗಿನವರು ಊಟ ತರಿಸಿಕೊಂಡರೆ, ಯಾರು ತರಿಸಿದ್ದು ಎಂದು ಬಾಗಿಲಲ್ಲಿರುವವನು ಬರೆದಿಟ್ಟುಕೊಂಡಿರುತ್ತಾನೆ, ಕೋಣೆಗೆ ಕಳಿಸುತ್ತಾನೆ. ಆದ್ದರಿಂದ ನೆಟ್ ಚೆನ್ನಾಗಿಯೇ ನಡೆಯುತ್ತದೆ, ಮಾಲೀಕರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ನೀವು ಹೊರಗಿನಿಂದ ಬಂದು, ಯಾರೂ ಕರೆಯದೆ ಬಾಗಿಲು ತಟ್ಟಿದರೆ ಯಾವ ಕೋಣೆಗೆ ಎಂದು ಅವನಿಗೆ ತಿಳಿಯದು. ಅವನು ಉತ್ತರವನ್ನೇ ಕೊಡುವುದಿಲ್ಲ. ಆ ಮೌನಕ್ಕೆ ವಿಂಡೋಸ್ ಇಟ್ಟ ಹೆಸರು 809.

ವಿಚಿತ್ರ ನೋಡಿ. ರೂಟರಿನ ಹೆಸರು ಮಾತ್ರ ಪ್ರಾಮಾಣಿಕವಾಗಿ ಆ ಹೊರಬಾಗಿಲಿನ ವಿಳಾಸವನ್ನೇ ತೋರಿಸುತ್ತಿದೆ. ಹೆಸರು ಸಿಗದಿದ್ದರೆ ದೋಷ 868 ಬರುತ್ತಿತ್ತು. ಹೆಸರು ಸಿಕ್ಕಿತು, ಮನೆಯೂ ಸಿಕ್ಕಿತು, ಕೋಣೆ ಸಿಗಲಿಲ್ಲ.

ಮಲ್ಲೇಶ್ವರ_18 · ಮಧ್ಯಾಹ್ನ 1.52

ಅಣ್ಣ, ಇದು ನಮ್ಮ ಪಿಜಿಯದ್ದೇ ಕಥೆ. ನನ್ನ ಹೆಸರಿಗೆ ಬಂದ ಪಾರ್ಸೆಲ್‌ಗಳು ಸದಾ ಮೂರನೇ ಮಹಡಿಯವನಿಗೆ ಹೋಗುತ್ತವೆ.

ಪೀಣ್ಯ_ಲೇತ್ · ಮಧ್ಯಾಹ್ನ 2.30

ನನ್ನದೂ ಅಲ್ಲೇ ಹತ್ತಿರ ಒಂದು ವರ್ಕ್‌ಶಾಪ್. ಈ ವಿಪಿಎನ್ ತಲೆನೋವೇ ಬೇಡ ಎಂದು ನಾನು ರೂಟರಿನಲ್ಲಿ 3389 ಪೋರ್ಟ್ ಎಂಬ ಬಾಗಿಲನ್ನು ಹೊರಗಿನಿಂದ ಬರಲು ತೆರೆದಿಟ್ಟಿದ್ದೇನೆ. ಮನೆಯಿಂದ ನೇರವಾಗಿ ರಿಮೋಟ್ ಡೆಸ್ಕ್‌ಟಾಪ್, ಅಲ್ಲಿನ ಕಂಪ್ಯೂಟರಿನ ಪರದೆ ಇಲ್ಲೇ. ಎರಡು ವರ್ಷವಾಯಿತು, ಏನೂ ಆಗಿಲ್ಲ.

ಜಾಲಗಾರ · ಮಧ್ಯಾಹ್ನ 2.33

ಇದನ್ನು ಓದಿದ ಕೂಡಲೇ ಹೋಗಿ ಮುಚ್ಚಿ. ನಾನು ತಮಾಷೆ ಮಾಡುತ್ತಿಲ್ಲ.

ಎಸ್ಪಿರಸ್ತೆ_ಶಿಷ್ಯ · ಮಧ್ಯಾಹ್ನ 2.51

ಲೇತ್ ಅವರೇ, "ಏನೂ ಆಗಿಲ್ಲ" ಎಂದು ಹೇಳಿದವರೊಬ್ಬರು ನಮ್ಮ ಅಂಗಡಿಗೆ ಒಂದು ಸೋಮವಾರ ಸಿಪಿಯು ಹೊತ್ತು ತಂದರು. ಪರದೆಯ ಮೇಲೆ ಒಂದು ಪತ್ರ. ಟ್ಯಾಲಿ ಕಡತಗಳು, ಬಿಲ್ಲುಗಳು, ಮಗಳ ಮದುವೆಯ ಫೋಟೋಗಳು, ಎಲ್ಲದಕ್ಕೂ ಬೀಗ. ಬಿಡಿಸಲು ಬಿಟ್‌ಕಾಯಿನ್ ಕೊಡಿ ಎಂದು ಪತ್ರ. ಬ್ಯಾಕಪ್ ಇತ್ತು, ಆದರೆ ಅದೇ ಕಂಪ್ಯೂಟರಿಗೆ ಸಿಕ್ಕಿಸಿಟ್ಟ ಡಿಸ್ಕಿನಲ್ಲಿ. ಅದಕ್ಕೂ ಬೀಗ. ಎಂಟು ತಿಂಗಳ ಲೆಕ್ಕವನ್ನು ಕಾಗದದ ಬಿಲ್ಲುಗಳಿಂದ ಮತ್ತೆ ಬರೆದರು. ಅವರ ಪಾಸ್‌ವರ್ಡ್ ಕಂಪನಿಯ ಹೆಸರು ಮತ್ತು 123.

ಪೀಣ್ಯ_ಲೇತ್ · ಮಧ್ಯಾಹ್ನ 2.58

ಪೋರ್ಟ್ ಸಂಖ್ಯೆಯನ್ನು ಬದಲಾಯಿಸಿಬಿಟ್ಟರೆ?

ಜಾಲಗಾರ · ಮಧ್ಯಾಹ್ನ 3.01

ಬಾಗಿಲು ತೆರೆದಿಟ್ಟು ಬಣ್ಣ ಬದಲಿಸಿದಂತೆ. ಇಡೀ ಇಂಟರ್‌ನೆಟ್ಟಿನ ಬಾಗಿಲುಗಳನ್ನು ತಟ್ಟಿ ನೋಡುವುದೇ ಕೆಲಸವಾಗಿರುವ ಯಂತ್ರಗಳಿವೆ, ಅವು ಹಗಲುರಾತ್ರಿ ದುಡಿಯುತ್ತವೆ. ವಿಪಿಎನ್ ಒಳಗಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸಿ, ಯಾರ ತಕರಾರೂ ಇಲ್ಲ.

ಪೀಣ್ಯ_ಲೇತ್ · ಮಧ್ಯಾಹ್ನ 3.20

ಮುಚ್ಚಿದೆ. ಪಾಸ್‌ವರ್ಡನ್ನೂ ಬದಲಾಯಿಸಿದೆ. ಆ 123 ಕೇಳಿ ಎದೆ ಝಲ್ಲೆಂದಿತು.

ಕಾಫಿ_ಎರಡನೇ_ಲೋಟ · ಸಂಜೆ 5.10

ಮುಖ್ಯ ವಿಷಯಕ್ಕೆ ಬರೋಣ. ಇಂಟರ್‌ನೆಟ್ ಕಂಪನಿಯಿಂದ ಸ್ಥಿರ ಐಪಿ, ಅಂದರೆ ನಿಮಗೆ ಮಾತ್ರ ಸೇರಿದ ಬದಲಾಗದ ಹೊರವಿಳಾಸ, ಕೊಂಡುಕೊಳ್ಳುವುದು ಒಂದು ದಾರಿ. ಇಲ್ಲವಾದರೆ ಟೇಲ್‌ಸ್ಕೇಲ್ ತರಹದ ವಿಪಿಎನ್ ತಂತ್ರಾಂಶವನ್ನು ಎರಡೂ ಕಂಪ್ಯೂಟರಿಗೆ ಹಾಕಿ. ಎರಡೂ ತುದಿಗಳು ಒಳಗಿನಿಂದ ಹೊರಗೆ ಕರೆ ಮಾಡಿ ನಡುವೆ ಭೇಟಿಯಾಗುತ್ತವೆ, ಪಿಜಿಯ ಬಾಗಿಲಿನವನನ್ನು ಕೇಳುವ ಅಗತ್ಯವೇ ಇಲ್ಲ. ಒಳಗೆ ಕೆಲಸ ಮಾಡುವುದು ವೈರ್‌ಗಾರ್ಡ್ ಎಂಬ ಹೊಸ ವಿಪಿಎನ್ ಬಗೆ, 2020ರಲ್ಲಿ ಲಿನಕ್ಸ್ ಕರ್ನಲ್ಲಿಗೇ ಸೇರಿದ್ದು. ಹತ್ತು ನಿಮಿಷದ ಕೆಲಸ.

ಹಳೆಯ_ಮೋಡೆಮ್ · ಸಂಜೆ 5.35

ಕಾರ್ಖಾನೆಯ ಲೆಕ್ಕದ ದಾರಿಯ ಪಟ್ಟಿಯನ್ನು ಮೂರನೆಯವರ ಕೈಯಲ್ಲಿ ಇಡುವುದು ನನಗೆ ಸರಿಕಾಣುವುದಿಲ್ಲ. ಹಣ ಕೊಟ್ಟು ಸ್ಥಿರ ಐಪಿ ತೆಗೆದುಕೊಳ್ಳಲಿ.

ಕಾಫಿ_ಎರಡನೇ_ಲೋಟ · ಸಂಜೆ 5.41

ದಾರಿಯ ಪಟ್ಟಿ ಅವರಲ್ಲಿ, ಬೀಗದ ಕೈ ನಮ್ಮಲ್ಲಿಯೇ ಇರುತ್ತದೆ ಸರ್. ನಡುವೆ ಹೋಗುವುದೆಲ್ಲ ಗೂಢಲಿಪಿ.

ಜಾಲಗಾರ · ಸಂಜೆ 6.20

ಇಬ್ಬರೂ ಸರಿ. ಆದರೆ ಕಚೇರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಲು ಮಾಲೀಕರ ಒಪ್ಪಿಗೆ ಪಡೆಯಿರಿ. ಕದ್ದು ಹಾಕಬೇಡಿ. ಎಲ್2ಟಿಪಿ, ಪಿಪಿಟಿಪಿ ಎಂಬ ಎರಡೂ ಹಳೆಯ ವಿಪಿಎನ್ ಬಗೆಗಳನ್ನು ವಿಂಡೋಸ್ ಸರ್ವರಿನ ಮುಂದಿನ ಆವೃತ್ತಿಗಳಿಂದ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2024ರ ಅಕ್ಟೋಬರ್‌ನಲ್ಲಿಯೇ ಹೇಳಿದೆ. ಪಿಪಿಟಿಪಿಯನ್ನಂತೂ ಪಟ್ಟಿಯಲ್ಲಿ ಕಂಡರೂ ಮುಟ್ಟಬೇಡಿ, ಅದರ ಪಾಸ್‌ವರ್ಡ್ ಪರಿಶೀಲನೆಯನ್ನು ಒಡೆಯಬಹುದೆಂದು 2012ರಲ್ಲಿಯೇ ತೋರಿಸಿಯಾಗಿದೆ. ಮುಂದೆ ರೂಟರ್ ಬದಲಿಸುವಾಗ ಐಕೆಇವಿ2 ಅಥವಾ ವೈರ್‌ಗಾರ್ಡ್ ಇರುವುದನ್ನೇ ಕೊಳ್ಳಿ. ಸದ್ಯ 20ನೇ ತಾರೀಖು ದಾಟಿದರೆ ಸಾಕು.

ಸಿಲ್ಕ್‌ಬೋರ್ಡ್_ಸಂತ್ರಸ್ತ · ಸಂಜೆ 7.45

ಬಸ್ಸಿನಲ್ಲಿ ಕುಳಿತು ಇಷ್ಟೂ ಓದಿದೆ. ಒಂದು ಸಂಶಯ. ಭಾರತದಲ್ಲಿ ವಿಪಿಎನ್ ನಿಷೇಧವಾಗಿದೆ ಎಂದು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತಲ್ಲ?

ಕಾಫಿ_ಎರಡನೇ_ಲೋಟ · ಸಂಜೆ 7.58

ನಿಷೇಧವಲ್ಲ. 2022ರ ಏಪ್ರಿಲ್ 28ರಂದು ಸೈಬರ್ ಸುರಕ್ಷತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು: ವಿಪಿಎನ್ ಸೇವೆ ಮಾರುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಮುಂತಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದು. ಅದನ್ನು ಒಪ್ಪದ ಕೆಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ಕಿತ್ತುಕೊಂಡು ಹೋದವು. ಕಚೇರಿಯವರು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಲೆಕ್ಕದ ಪುಸ್ತಕದವರು ನಿಶ್ಚಿಂತೆಯಿಂದ ಇರಬಹುದು.

ಲೆಕ್ಕದ_ಪುಸ್ತಕ · 17ನೇ ತಾರೀಖು, ಸಂಜೆ 6.30

ಮಾಲೀಕರಿಗೆ ಪಿಜಿಯ ಉದಾಹರಣೆಯನ್ನೇ ಹೇಳಿದೆ. ಹೊಸ ತಂತ್ರಾಂಶಕ್ಕೆ ಬೇಡ ಎಂದರು. ಸ್ಥಿರ ಐಪಿಗೆ ಹಣ ಎಂದಾಗ ಮುಖ ಸಿಂಡರಿಸಿದರು, ತಡವಾದರೆ ಬೀಳುವ ದಂಡದ ಮಾತು ತೆಗೆದ ಮೇಲೆ ಒಪ್ಪಿದರು. ಇಂದು ಕಂಪನಿಯ ಹುಡುಗ ಬಂದು ಬಿಳಿ ಪೆಟ್ಟಿಗೆಗೆ ಸ್ಥಿರ ಐಪಿ ಹಾಕಿ, ಈ ವಿಪಿಎನ್‌ನ ಯುಡಿಪಿ ಪೋರ್ಟ್‌ಗಳಾದ 500, 4500, 1701 ಮೂರನ್ನೂ ನಮ್ಮ ರೂಟರಿನತ್ತ ತಿರುಗಿಸಿದ್ದಾನೆ. ಈಗ ಪೆಟ್ಟಿಗೆಯ ವಿಳಾಸವೂ ಬ್ರೌಸರ್ ತೋರಿಸುವ ವಿಳಾಸವೂ ಒಂದೇ.

ಖುಷಿಯಿಂದ ಕನೆಕ್ಟ್ ಒತ್ತಿದೆ.

809.

ಜಾಲಗಾರ · ಸಂಜೆ 6.41

1701 ಮುಚ್ಚಿಸಿ, ಅದು ಐಪಿಸೆಕ್ ಎಂಬ ಗೂಢಲಿಪಿಯ ಹೊದಿಕೆಯ ಒಳಗೇ ಓಡಾಡುವುದು, ಹೊರಗೆ ತೆರೆಯಬಾರದು. ಆದರೆ 809 ಏಕೆ...

ರಿಜಿಸ್ಟ್ರಿ_ರಾಯ · ಸಂಜೆ 6.44

ಜಾಲಗಾರರೇ, ತಾವೇ ಬರೆದದ್ದನ್ನು ನೆನಪಿಸಲೇ? "ಆ ಮೌಲ್ಯ ಬೇಕಾಗುವುದು ವಿಪಿಎನ್ ಸರ್ವರ್ ಸ್ವತಃ ಇನ್ನೊಂದು ರೂಟರಿನ ಬೆನ್ನ ಹಿಂದೆ ಕುಳಿತಿದ್ದಾಗ." ಈಗ ರೂಟರ್ ಎಲ್ಲಿ ಕುಳಿತಿದೆ? ಬಿಳಿ ಪೆಟ್ಟಿಗೆಯ ಬೆನ್ನ ಹಿಂದೆ.

ಜಾಲಗಾರ · ಸಂಜೆ 6.52

ಒಪ್ಪಿದೆ. ಸೋತೆ. ಬಿಳಿ ಪೆಟ್ಟಿಗೆಯನ್ನು ಬ್ರಿಡ್ಜ್ ಮಾಡಿಸಿದರೂ, ಅಂದರೆ ಅದು ಬರೀ ತಂತಿಯಂತೆ ದಾಟಿಸುವ ಹಾಗೆ ಮಾಡಿದರೂ, ಸರಿಹೋಗುತ್ತದೆ, ಆದರೆ ಆ ಹುಡುಗ ಮತ್ತೆ ಯಾವಾಗ ಬರುತ್ತಾನೋ. ರಾಯರ ಗುಳಿಗೆಯನ್ನೇ ನುಂಗಿ.

ಲೆಕ್ಕದ_ಪುಸ್ತಕ · ರಾತ್ರಿ 8.15

ಆ ಮಹಾಸಮಾಸವನ್ನು ಅಕ್ಷರ ಅಕ್ಷರವಾಗಿ ಬರೆದೆ, 2 ಕೊಟ್ಟೆ, ಆರಿಸಿ ಹಚ್ಚಿದೆ. ಕನೆಕ್ಟೆಡ್! ಅಮ್ಮನಿಗೆ ಕೂಗಿ ಹೇಳಿದೆ, ಅವರಿಗೆ ಏನೂ ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಿದರು.

ಆದರೆ ಒಂದು ವಿಚಿತ್ರ. ಕಚೇರಿಯ ಕಂಪ್ಯೂಟರ್ 192.168.0.10. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರುತ್ತಿಲ್ಲ. ಬ್ರೌಸರ್‌ನಲ್ಲಿ ಅದೇ ಸಂಖ್ಯೆ ಹಾಕಿದರೆ ನಮ್ಮ ಮನೆಯ ಪ್ರಿಂಟರ್ ಶಾಯಿ ಮುಗಿದಿದೆ ಎಂದು ಹೇಳುತ್ತಿದೆ.

ರಿಜಿಸ್ಟ್ರಿ_ರಾಯ · ರಾತ್ರಿ 8.17

ವಿಜಯೋತ್ಸವ ಆಮೇಲೆ. ಮನೆ, ಕಚೇರಿ ಎರಡರಲ್ಲೂ 192.168.0 ಇದೆ. ಎರಡು ಬಡಾವಣೆಗೂ ಒಂದೇ ಅಡ್ಡರಸ್ತೆ ಸಂಖ್ಯೆ, ಅಂಚೆಯವನು ಹತ್ತಿರದ್ದಕ್ಕೇ ಹೋಗುತ್ತಾನೆ. ಮನೆಯ ರೂಟರಿನಲ್ಲಿ ಒಳಜಾಲವನ್ನು 192.168.57.1 ಎಂದು ಬದಲಿಸಿ. ಪ್ರಿಂಟರನ್ನೂ ಲ್ಯಾಪ್‌ಟಾಪನ್ನೂ ಒಮ್ಮೆ ಆರಿಸಿ ಹಚ್ಚಿ.

ಜಾಲಗಾರ · ರಾತ್ರಿ 8.25

ಜೊತೆಗೆ ಎರಡು ಸಣ್ಣ ಮಾತು. ಕಚೇರಿಯ ವಿಂಡೋಸ್ ಪ್ರೊ ಆವೃತ್ತಿಯೇ ಎಂದು ಖಚಿತಪಡಿಸಿಕೊಳ್ಳಿ, ಹೋಮ್ ಆವೃತ್ತಿ ಹೊರಗಿನಿಂದ ಬರುವ ರಿಮೋಟ್ ಡೆಸ್ಕ್‌ಟಾಪನ್ನು ಒಪ್ಪುವುದಿಲ್ಲ. ಎರಡನೆಯದು, ಟ್ಯಾಲಿಯ ಕಡತಗಳನ್ನು ವಿಪಿಎನ್ ಮೂಲಕ ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೋಗಬೇಡಿ. ಹಂಚಿಕೆಯ ಫೋಲ್ಡರ್ ದೂರದಿಂದ ಬಲು ನಿಧಾನ, ನಡುವೆ ಸಂಪರ್ಕ ಹರಿದರೆ ಕಡತಕ್ಕೆ ಅಪಾಯ. ಕಚೇರಿಯ ಕಂಪ್ಯೂಟರಿನಲ್ಲಿಯೇ ತೆರೆದು ಇಲ್ಲಿಂದ ಪರದೆ ನೋಡಿ.

ಲೆಕ್ಕದ_ಪುಸ್ತಕ · ರಾತ್ರಿ 9.40

ಪ್ರೊ ಆವೃತ್ತಿಯೇ. ಬಂತು! ಕಚೇರಿಯ ಪರದೆ ಜೆ.ಪಿ. ನಗರಕ್ಕೆ ಬಂತು. ನಾನೇ ಅಂಟಿಸಿದ ಚಾಮುಂಡಿ ಬೆಟ್ಟದ ಚಿತ್ರ ಅಲ್ಲೇ ಇದೆ. ಎಲ್ಲರಿಗೂ ವಂದನೆಗಳು. ರಾಯರಿಗೆ ಒಂದು ಹೆಚ್ಚು.

ಪದಪ್ರಿಯೆ · ರಾತ್ರಿ 9.44

ಒಳದಾರಿಗೆ ಜಯವಾಗಲಿ.

ಲೆಕ್ಕದ_ಪುಸ್ತಕ · 18ನೇ ತಾರೀಖು, ರಾತ್ರಿ 9.10

ಮತ್ತೆ ನಾನೇ. ಬೆಳಿಗ್ಗೆಯಿಂದ ಸಂಜೆಯವರೆಗೆ ಚೆನ್ನಾಗಿತ್ತು. ಊಟ ಮುಗಿಸಿ ಕುಳಿತರೆ ಮತ್ತೆ 809. ನಾನು ಏನನ್ನೂ ಮುಟ್ಟಿಲ್ಲ, ದೇವರಾಣೆ.

ರಿಜಿಸ್ಟ್ರಿ_ರಾಯ · ರಾತ್ರಿ 9.14

ರಿಜಿಸ್ಟ್ರಿಯಲ್ಲಿ 2 ಹಾಗೆಯೇ ಇದೆಯೇ ನೋಡಿ.

ಹಳೆಯ_ಮೋಡೆಮ್ · ರಾತ್ರಿ 9.16

ಕಾವಲುಗಾರನಿಗೆ ಫೋನ್ ಮಾಡಿ.

ಲೆಕ್ಕದ_ಪುಸ್ತಕ · ರಾತ್ರಿ 9.31

ಮಾಡಿದೆ. ಕರೆಂಟ್ ಬಿಲ್ ಉಳಿಸಲು ಮಾಲೀಕರು ಹೊರಡುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರಂತೆ. ಕಾವಲುಗಾರ ಈಗ ಹಚ್ಚಿ, ಕಂಪ್ಯೂಟರಿನ ಗುಂಡಿಯನ್ನೂ ಒತ್ತಿದ್ದಾನೆ. ಬಿಳಿ ಪೆಟ್ಟಿಗೆಯ ದೀಪ ಹಸಿರಾದಾಗ ಹೇಳುತ್ತಾನಂತೆ. ಫೋನ್ ಹಿಡಿದುಕೊಂಡೇ ಇದ್ದಾನೆ.